ನೆನೆದು ನಡೆ, ಒಣಗಿ ಮಲಗು

ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಉದ್ದಕ್ಕೂ ಸದರ್ನ್ ಆಲ್ಪ್ಸ್ ಪರ್ವತಸಾಲು ಅಡ್ಡ ನಿಂತಿದೆ. ಟಾಸ್ಮನ್ ಸಮುದ್ರದ ಮೇಲಿಂದ ಬೀಸುವ ಪಡುವಣ ಗಾಳಿ ಹೊತ್ತು ತಂದ ಮೋಡವೆಲ್ಲ ಅದಕ್ಕೆ ಬಡಿದು ಪಶ್ಚಿಮದ ಮಗ್ಗುಲಲ್ಲೇ ಸುರಿದುಬಿಡುತ್ತದೆ. ಬೆಟ್ಟದ ಪೂರ್ವಕ್ಕಿರುವ ಕ್ರೈಸ್ಟ್‌ಚರ್ಚ್‌ನಲ್ಲಿ, ಅಂದರೆ ನಾನಿರುವ ಊರಿನಲ್ಲಿ, ವರ್ಷಕ್ಕೆ ಬೀಳುವ ಮಳೆ 600 ಮಿ.ಮೀ. ಆಸುಪಾಸು. ಆರ್ಥರ್ಸ್ ಪಾಸ್ ಘಾಟಿ ದಾಟಿ ಪಶ್ಚಿಮ ಕರಾವಳಿಯ ಹೊಕಿಟಿಕಾಕ್ಕೆ ಇಳಿದರೆ ಅದು ನಾಲ್ಕು ಪಟ್ಟಿಗೂ ಹೆಚ್ಚು. ದಕ್ಷಿಣದ ಮಿಲ್ಫರ್ಡ್ ಸೌಂಡ್‌ನಲ್ಲಿ 6,000 ಮಿ.ಮೀ. ಮೀರುತ್ತದೆ. ಹೊಕಿಟಿಕಾದ ಮೇಲಿನ ಬೆಟ್ಟಗಳಲ್ಲಿ ಹುಟ್ಟುವ ಕ್ರಾಪ್ ನದಿಯ ತಲೆಯಲ್ಲಿ ವರ್ಷದ ಸರಾಸರಿಯೇ 11,000 ಮಿ.ಮೀ. ದಾಟುತ್ತದೆ. ನಮ್ಮ ಆಗುಂಬೆಯದು 7,000 ಚಿಲ್ಲರೆ.

ತೀರ್ಥಹಳ್ಳಿ ಸೀಮೆಯಲ್ಲಿ ಹುಟ್ಟಿ ಬೆಳೆದವನಿಗೆ ಮಳೆಯ ಅಂಕಿಗಳು ಹೆದರಿಕೆ ಹುಟ್ಟಿಸುವುದಿಲ್ಲ. ಆದರೆ ಇಲ್ಲಿಯ ಮಳೆ ಬೇರೆ ಜಾತಿಯದು. ನಮ್ಮದಕ್ಕೆ ಒಂದು ಕಾಲವಿದೆ. ಜೂನ್‌ನಲ್ಲಿ ಹಿಡಿದು ನವರಾತ್ರಿಯ ಹೊತ್ತಿಗೆ ಬಿಡುತ್ತದೆ. ನೆನೆದು ಬಂದವನು ಬಚ್ಚಲಿಗೆ ಹೋಗಿ ಹಂಡೆಯ ಬಿಸಿನೀರು ಹೊಯ್ದುಕೊಂಡರೆ ಮಳೆಯ ಕಥೆ ಅಲ್ಲಿಗೆ ಮುಗಿಯಿತು. ಇಲ್ಲಿಯದಕ್ಕೆ ಕಾಲವೂ ಇಲ್ಲ, ಬೆಚ್ಚಗೂ ಇಲ್ಲ. ಏಪ್ರಿಲ್ ತಿಂಗಳ ಸಂಜೆ ಏಳೆಂಟು ಡಿಗ್ರಿಯ ಚಳಿಯಲ್ಲಿ, ಹತ್ತಿ ಬಟ್ಟೆ ತೊಪ್ಪೆಯಾಗಿ ಗಾಳಿಗೆ ನಿಂತವನ ಮೈಕಾವು ಬೇಗ ಬೇಗ ಸೋರಿಹೋಗುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖ ಎಳೆದುಕೊಳ್ಳುತ್ತದೆ. ಒಳಮೈಯ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಿತೆಂದರೆ ಮಾತು ತೊದಲುತ್ತದೆ, ಬೆರಳು ಗುಂಡಿ ಹಾಕಲೂ ಒಲ್ಲೆ ಎನ್ನುತ್ತದೆ. ವಿವೇಚನೆಯೂ ಬೇಗ ಕೈಕೊಡುತ್ತದೆ. ತಾನು ಅಪಾಯದಲ್ಲಿದ್ದೇನೆ ಎಂದು ತಿಳಿಯುವ ಬುದ್ಧಿಯೇ ಆಗ ಉಳಿದಿರುವುದಿಲ್ಲ. ಹಾಗಾಗಿ ಪಶ್ಚಿಮ ಕರಾವಳಿಯ ಕಣಿವೆಗಳಿಗೆ ಜಿಂಕೆ ಬೇಟೆಗೆ ಹೋಗುವವರು ಕೋವಿಯ ಬಗ್ಗೆ ಮಾತಾಡುವಷ್ಟೇ ಹೊತ್ತು ಕಾಲುಚೀಲದ ಬಗ್ಗೆಯೂ ಮಾತಾಡುತ್ತಾರೆ.

ಅಂಥದೊಂದು ಬೇಟೆಗೆ ನನ್ನನ್ನು ಕರೆದುಕೊಂಡು ಹೋದವರು ನಮ್ಮ ಬೀದಿಯ ಹಿರಿಯರೊಬ್ಬರು. ಎಪ್ಪತ್ತರ ದಶಕದಲ್ಲಿ ಇಲ್ಲಿಯ ಫಾರೆಸ್ಟ್ ಸರ್ವಿಸ್‌ನ ಸಂಬಳದ ಬೇಟೆಗಾರರಾಗಿ ಇವೇ ಕಣಿವೆಗಳನ್ನು ಸುತ್ತಿದವರು. ಕೋವಿಯೂ ಪರವಾನಗಿಯೂ ಅವರದು. ಹೊರೆ ಇಬ್ಬರದು. ಹೊರಡುವ ಹಿಂದಿನ ರಾತ್ರಿ ಅವರ ಗ್ಯಾರೇಜಿನ ನೆಲದ ಮೇಲೆ ನಾನು ಒಯ್ಯಬೇಕೆಂದಿದ್ದ ಸಾಮಾನನ್ನೆಲ್ಲ ಹರವಿಸಿ, ಎರಡು ರಾಶಿ ಮಾಡಿದರು. "ಇದು ನೆನೆಯುವುದು. ಇದು ನೆನೆಯಬಾರದ್ದು. ಮೂರನೆಯದೊಂದು ರಾಶಿ ಇಲ್ಲ. ನೆನೆಯದಿದ್ದರೆ ಒಳ್ಳೆಯದು ಅನ್ನುವಂಥ ಸಾಮಾನೇ ಇಲ್ಲ, ತಿಳಿಯಿತಾ?"

ನೆನೆಯಬಾರದ ರಾಶಿ ಚಿಕ್ಕದು. ಮಲಗುವ ಚೀಲ, ಒಂದು ಜೊತೆ ಉಣ್ಣೆಯ ಒಳಉಡುಪು, ಒಂದು ಸ್ವೆಟರ್, ಒಂದು ಜೊತೆ ಕಾಲುಚೀಲ, ಬೆಂಕಿಪೊಟ್ಟಣ, ಟಾರ್ಚು, ಅಪಾಯದಲ್ಲಿ ಉಪಗ್ರಹಕ್ಕೆ ಸಂಕೇತ ಕಳಿಸುವ ಪುಟ್ಟ ಯಂತ್ರ. ಇಷ್ಟನ್ನೂ ದಪ್ಪ ಪ್ಲಾಸ್ಟಿಕ್ಕಿನ ಹಳದಿ ಚೀಲವೊಂದರಲ್ಲಿ ತುಂಬಿ, ಗಾಳಿ ಹಿಂಡಿ ತೆಗೆದು, ಬಾಯಿ ತಿರುಚಿ ಮಡಿಸಿ, ಬೆನ್ನಚೀಲದ ಒಳಗಿಟ್ಟರು. ಬೆನ್ನಚೀಲಕ್ಕೆ ಹೊರಗಿನಿಂದ ಹೊದಿಸುವ ಮುಚ್ಚಳವನ್ನು ಅವರು ನಂಬುವುದಿಲ್ಲ. ಗಾಳಿಗೆ ಅದು ಹಾರಿಹೋಗುತ್ತದೆ, ನದಿಯಲ್ಲಿ ನೀರು ತುಂಬಿ ಹಿಂದಕ್ಕೆ ಎಳೆಯುತ್ತದೆ. ನೀರನ್ನು ತಡೆಯಬೇಕಾದದ್ದು ಚೀಲದ ಒಳಗೆ. ಆ ಹಳದಿ ಬಣ್ಣಕ್ಕೂ ಕೆಲಸವಿದೆ: ಕಾಲು ಮುರಿದುಕೊಂಡು ಕಾಡಲ್ಲಿ ಬಿದ್ದರೆ ಅದರೊಳಗೆ ತೂರಿಕೊಂಡು ಕಾಯಬಹುದು, ಹೆಲಿಕಾಪ್ಟರಿನವರಿಗೆ ಮೇಲಿಂದ ಕಾಣುತ್ತದೆ.

ನನ್ನ ಜೀನ್ಸ್ ಮನೆಯಲ್ಲೇ ಉಳಿಯಿತು. ಈ ದೇಶದ ಬೇಟೆಗಾರರು, ಚಾರಣಿಗರು ಮಳೆಗೆ ಹಾಕುವ ದಿರಿಸು ಮೊದಲ ಸಲ ನೋಡುವವರಿಗೆ ವಿಚಿತ್ರ ಅನಿಸುತ್ತದೆ. ಕಾಲಿಗೆ ಅಂಟುವ ತೆಳು ಪಾಲಿಪ್ರೊಪಿಲೀನ್ ಲೆಗ್ಗಿಂಗ್, ಅದರ ಮೇಲೊಂದು ಚಡ್ಡಿ, ಮೊಣಕಾಲಿನವರೆಗೆ ಗೇಟರ್ ಎಂಬ ಕಾಲುಗವಸು, ಚರ್ಮದ ಬೂಟು. ಎಲ್ಲಕ್ಕೂ ಕಾರಣವಿದೆ. ಪಾಲಿಪ್ರೊಪಿಲೀನ್ ಎಳೆ ನೀರು ಕುಡಿಯುವುದೇ ಇಲ್ಲವೆನ್ನಬಹುದು. ಹೊಳೆಯಿಂದ ಮೇಲೆ ಬಂದ ಸ್ವಲ್ಪ ಹೊತ್ತಿಗೆಲ್ಲ ನೀರು ಇಳಿದುಹೋಗಿ ಮೈಬಿಸಿಗೆ ಬೆಚ್ಚಗಾಗುತ್ತದೆ. ಪ್ಯಾಂಟಾದರೆ ನೀರು ಕುಡಿದು ಭಾರವಾಗುತ್ತದೆ, ಸೆಳವಿನಲ್ಲಿ ಕಾಲನ್ನು ಜಗ್ಗುತ್ತದೆ. ಇನ್ನು ಮೇಲೆ ತೊಡುವ ಮಳೆಕೋಟು. ಬೆವರನ್ನು ಹೊರಬಿಟ್ಟು ಮಳೆಯನ್ನು ತಡೆಯುವ ಪೊರೆಯ ಕೋಟುಗಳು ದುಬಾರಿ ಬೆಲೆಗೆ ಸಿಗುತ್ತವೆ. ಒಳಗಿನ ಆವಿ ಹೊರಹೋಗಬೇಕಾದರೆ ಹೊರಗೆ ತೇವ ಕಡಿಮೆಯಿರಬೇಕು. ದಿನವಿಡೀ ಸುರಿಯುವ ಕಾಡಿನಲ್ಲಿ, ಕೋಟಿನ ಹೊರಬಟ್ಟೆಯೇ ನೀರು ಹೀರಿ ಕೂತ ಮೇಲೆ, ಆ ಆವಿಗೆ ಹೋಗಲು ದಾರಿಯಿರುವುದಿಲ್ಲ. ಹೊರೆ ಹೊತ್ತು ಏರು ಹತ್ತುವವನು ಮಳೆಯಿಂದ ನೆನೆಯದಿದ್ದರೆ ಬೆವರಿನಿಂದ ನೆನೆಯುತ್ತಾನೆ. ಕೋಟು ಬೇಡವೆಂದಲ್ಲ, ಗಾಳಿ ತಡೆಯಲು ಬೇಕೇ ಬೇಕು. ಅದು ಒಣಗಿಸಿಡುತ್ತದೆ ಎಂದು ನಂಬಿ ಹೊರಡಬಾರದು ಅಷ್ಟೆ.

ಬೇಟೆಗಾರನಿಗೆ ಕೋಟಿನ ಇನ್ನೊಂದು ತೊಂದರೆಯೂ ಇದೆ. ಅದು ಸದ್ದು ಮಾಡುತ್ತದೆ. ಜರೀಗಿಡದ ಎಲೆ ಸವರಿದರೂ ಪರಪರ ಎನ್ನುತ್ತದೆ. ಜಿಂಕೆಯ ಕಿವಿಗೆ ಆ ಸದ್ದು ಮನುಷ್ಯನ ಸುಳಿವು. ಕಾಡಿನಲ್ಲಿ ಬೇರೆ ಯಾವುದೂ ಹಾಗೆ ಪರಗುಟ್ಟುವುದಿಲ್ಲ. ಹಾಗಾಗಿ ಇಲ್ಲಿಯ ಹಳಬರು ಬೇಟೆಯ ಕೊನೆಯ ಹಂತದಲ್ಲಿ, ಮೃಗ ಹತ್ತಿರವಿದೆ ಎಂದು ಗೊತ್ತಾದಾಗ, ಸುರಿವ ಮಳೆಯಲ್ಲೇ ಕೋಟು ಕಳಚಿ ಉಣ್ಣೆಯ ಅಂಗಿಯಲ್ಲಿ ತೆವಳುತ್ತಾರೆ.

ಆ ಉಣ್ಣೆಯ ಅಂಗಿಯ ಹೆಸರು ಸ್ವಾಂಡ್ರಿ. ನ್ಯೂ ಪ್ಲಿಮತ್ ಊರಿನ ವಿಲಿಯಮ್ ಬ್ರೂಮ್ ಎಂಬ ದರ್ಜಿ 1913ರಲ್ಲಿ ಈ ಹೆಸರನ್ನು ನೋಂದಾಯಿಸಿದ. ತೊಡೆಯವರೆಗೆ ಬರುವ, ಕುತ್ತಿಗೆಯ ಬಳಿ ದಾರ ಕಟ್ಟುವ ಒರಟು ಉಣ್ಣೆಯ ನಿಲುವಂಗಿ. ಕುರಿ ಸಾಕುವವರು, ಮರ ಕಡಿಯುವವರು, ಜಿಂಕೆ ಹೊಡೆಯುವವರು ಮೂರು ನಾಲ್ಕು ತಲೆಮಾರಿನಿಂದ ಅದನ್ನು ತೊಡುತ್ತಿದ್ದಾರೆ. ನಮ್ಮ ಹಿರಿಯರದ್ದನ್ನು ಕೈಗೆತ್ತಿಕೊಂಡು ಮೂಸಿದಾಗ ಹೊಗೆ, ಕುರಿ, ತೇವ ಒಟ್ಟಾಗಿ ಸೇರಿದ ವಾಸನೆ ಬಂತು. ಆಷಾಢದಲ್ಲಿ ಗದ್ದೆಯಿಂದ ಬಂದ ಅಪ್ಪಯ್ಯನ ಕಂಬಳಿ ಕೊಪ್ಪೆಯನ್ನು ಒಲೆಯ ಮೇಲಿನ ಗಳುವಿಗೆ ಹಾಕಿದಾಗ ಬರುತ್ತಿದ್ದದ್ದು ಇದೇ ವಾಸನೆ. ಉಣ್ಣೆ ತನ್ನ ತೂಕದ ಮೂರನೆಯ ಒಂದರಷ್ಟು ತೇವವನ್ನು ಎಳೆಯೊಳಗೆ ಹೀರಿಕೊಂಡೂ ಮೈಗೆ ಒದ್ದೆ ಎನಿಸದಂತೆ ಇರಬಲ್ಲದು. ಹೀರುವಾಗ ಒಂದಿಷ್ಟು ಶಾಖವನ್ನೂ ಬಿಡುತ್ತದೆ. ನೆನೆದ ಮೇಲೂ ಅದರ ಸುರುಳಿ ಎಳೆಗಳ ನಡುವೆ ಗಾಳಿ ಉಳಿಯುತ್ತದೆ. ಮಲೆನಾಡಿನವರು ಕಂಬಳಿಯಲ್ಲಿ ನಾಟಿ ಮಾಡಿದ್ದು, ಇಲ್ಲಿಯವರು ಸ್ವಾಂಡ್ರಿಯಲ್ಲಿ ಬೇಟೆ ಆಡಿದ್ದು, ಎರಡರ ಹಿಂದೆಯೂ ಇರುವುದು ಕುರಿಯ ಕೂದಲಿನ ಈ ಒಂದೇ ಗುಣ. ನಮ್ಮವರು ಅದರ ಜೊತೆಗೆ ಎಲೆ, ಬಿದಿರು ಹೆಣೆದ ಗೊರಬನ್ನೂ ಹೊದ್ದರು. ಬಗ್ಗಿ ಸಸಿ ನೆಡುವವರಿಗೆ ಬೆನ್ನು ಮುಚ್ಚಿದರೆ ಸಾಕು. ಮರಗಳ ನಡುವೆ ನುಸುಳುವ ಬೇಟೆಗಾರನಿಗೆ ಗೊರಬು ಆಗುತ್ತಿರಲಿಲ್ಲ.

ನಾವು ಹೋದದ್ದು ಇದೇ ಪಶ್ಚಿಮ ಕರಾವಳಿಯ ಹಾಸ್ಟ್ ಮತ್ತು ಪಾರಿಂಗಾದ ನಡುವಿನ ಕಾಡಿಗೆ. ಅಲ್ಲೊಂದು ಹಳೆಯ ದನದ ದಾರಿಯಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕಡಿದ ದಾರಿ. ಹಾಸ್ಟ್ ಕಡೆಯ ದನಗಾಹಿಗಳು ವರ್ಷಕ್ಕೊಮ್ಮೆ ತಮ್ಮ ದನಗಳನ್ನು ಈ ಕಾಡಿನ ಮೂಲಕ ಉತ್ತರದ ಸಂತೆಗೆ ಹೊಡೆದುಕೊಂಡು ಹೋಗುತ್ತಿದ್ದರು. 1961ರವರೆಗೂ ಅದು ನಡೆಯಿತು. ಆಮೇಲೆ ಹೆದ್ದಾರಿ ಬಂತು, ದನಗಳು ಲಾರಿ ಹತ್ತಿದವು, ದಾರಿ ಚಾರಣಿಗರಿಗೂ ಬೇಟೆಗಾರರಿಗೂ ಉಳಿಯಿತು. ನೂರಾರು ಗೊರಸುಗಳು ತುಳಿದ ಆ ಕೆಸರನ್ನು, ಕುದುರೆಯ ಮೇಲೆ ಎಣ್ಣೆಬಟ್ಟೆ ಹೊದ್ದು ಕೂತ ಜನರನ್ನು ನೆನೆಸಿಕೊಂಡರೆ, ಹಳದಿ ಚೀಲ ಹೊತ್ತ ನಮ್ಮ ನಡಿಗೆ ಸಲೀಸೇ.

ಹೆದ್ದಾರಿ ಬಿಟ್ಟು ಕಾಡಿಗೆ ಹೊಕ್ಕು ತುಸು ನಡೆಯುವುದರೊಳಗೆ ಮೊದಲ ಹಳ್ಳ ಬಂತು. ಮೊಣಕಾಲು ಮುಳುಗುವಷ್ಟು ನೀರು. ನಾನು ಕಲ್ಲಿನಿಂದ ಕಲ್ಲಿಗೆ ದಾಟುವ ಲೆಕ್ಕ ಹಾಕುತ್ತಿದ್ದಂತೆ ಹಿರಿಯರು ಬೂಟು ಸಮೇತ ಸೀದಾ ನೀರಿಗಿಳಿದು ನಡೆದೇಬಿಟ್ಟರು. ಆಚೆ ದಡದಿಂದ ಹೇಳಿದರು: "ಪಾಚಿಗಲ್ಲಿನ ಮೇಲೆ ಕುಣಿದವರೇ ಕಾಲು ಮುರಿದುಕೊಳ್ಳುವುದು. ಇಳಿದು ಬಾ. ಇನ್ನು ಸಂಜೆವರೆಗೆ ಆ ಚಿಂತೆ ಇರುವುದಿಲ್ಲ." ಇಳಿದೆ. ಬೂಟಿನ ಬಾಯಿಂದ ತಣ್ಣೀರು ಒಳನುಗ್ಗಿದ ಕ್ಷಣ ಉಸಿರು ಸಿಕ್ಕಿಕೊಂಡಿತು. ಹಿಮದ ಬೆಟ್ಟದಿಂದ ಇಳಿದ ನೀರು. ಹತ್ತು ಹೆಜ್ಜೆಯಾದ ಮೇಲೆ ಕಾಲುಚೀಲದೊಳಗೆ ನಿಂತ ನೀರು ನನ್ನದೇ ಬಿಸಿಗೆ ಬೆಚ್ಚಗಾಗತೊಡಗಿತು. ಆಮೇಲಿನ ಹಳ್ಳಗಳು, ಜೌಗು, ಸೊಂಟದೆತ್ತರದ ಜರೀಗಿಡಗಳು ಸುರಿಸಿದ ಹನಿ, ಯಾವುದೂ ಲೆಕ್ಕಕ್ಕೆ ಬರಲಿಲ್ಲ. ಒದ್ದೆಯಾಗಬಾರದೆಂದು ಹೆಜ್ಜೆಹೆಜ್ಜೆಗೂ ಹವಣಿಸುವವನ ಕಣ್ಣು ನೆಲದಲ್ಲೇ ಇರುತ್ತದೆ. ಆ ಹವಣಿಕೆ ಬಿಟ್ಟ ಮೇಲೆ ಕಾಡು ಕಾಣತೊಡಗುತ್ತದೆ.

ಆದರೆ ಹಳ್ಳ ಬೇರೆ, ನದಿ ಬೇರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ದೇಶಕ್ಕೆ ವಲಸೆ ಬಂದವರು ಅದೆಷ್ಟು ಮಂದಿ ನದಿ ದಾಟುವಾಗ ಸತ್ತರೆಂದರೆ, ನೀರಿನಲ್ಲಿ ಮುಳುಗಿ ಸಾಯುವುದಕ್ಕೆ 'ನ್ಯೂಜಿಲೆಂಡ್ ಸಾವು' ಎಂದೇ ಹೆಸರು ಬಿದ್ದಿತ್ತು. ಇಂದಿಗೂ ಇಲ್ಲಿ ಬೇಟೆಗಾರರನ್ನು ಕೊಲ್ಲುವ ಸಂಗತಿಗಳಲ್ಲಿ ನದಿ ಒಂದು. ಇಬ್ಬರು ದಾಟುವಾಗ ಬಲವಾದವನು ಮೇಲ್ಗಡೆ, ಅಂದರೆ ನೀರು ಬರುವ ಕಡೆ, ನಿಲ್ಲುತ್ತಾನೆ. ಒಬ್ಬರ ಬೆನ್ನಿಗೂ ಬೆನ್ನಚೀಲಕ್ಕೂ ನಡುವೆ ಇನ್ನೊಬ್ಬರು ತೋಳು ತೂರಿಸಿ ಪಟ್ಟಿ ಹಿಡಿಯುತ್ತಾರೆ. ಇಬ್ಬರೂ ಹರಿವಿನ ಸಾಲಿಗೆ ಸಾಲಾಗಿ ನಿಂತು, ಮೇಲಿನವನ ಮೈ ಸೆಳವನ್ನು ಸೀಳುವಂತೆ, ಜೊತೆಜೊತೆಯಾಗಿ ಹೆಜ್ಜೆಯಿಟ್ಟು, ತುಸು ಕೆಳಕ್ಕೆ ಓರೆಯಾಗಿ ದಾಟುತ್ತಾರೆ. ನಾವು ದಾಟಿದ ನದಿಯಲ್ಲಿ, ಎಪ್ಪತ್ತು ದಾಟಿದ ಆ ಮನುಷ್ಯ ಮೇಲ್ಗಡೆಯೇ ನಿಂತರು. ನೀರಿಗಿಳಿಯುವ ಮೊದಲು ಬಹಳ ಹೊತ್ತು ನದಿಯನ್ನು ನೋಡಿದ್ದರು. ನೀರಿನ ಬಣ್ಣ, ತೇಲಿ ಬರುವ ಕಸ, ತಳದಲ್ಲಿ ಕಲ್ಲು ಉರುಳುವ ಸದ್ದು, ಕೆಳಗಡೆ ಜಾರಿದರೆ ತೇಲಿ ಸೇರಬಹುದಾದ ಮರಳದಂಡೆ. ಇಷ್ಟನ್ನೂ ನೋಡಿ, ಸರಿಯೆನಿಸಿದ ಮೇಲಷ್ಟೇ ಕಾಲಿಟ್ಟರು.

ಕರ್ನಾಟಕದ ಓದುಗರಿಗೆ ಇಲ್ಲೊಂದು ಪ್ರಶ್ನೆ ಏಳುತ್ತದೆ, ನನಗೂ ಎದ್ದಿತ್ತು: ಜಿಂಕೆಯನ್ನು ಕೊಲ್ಲುವುದು ಸರಿಯೇ? 1972ರ ವನ್ಯಜೀವಿ ಕಾಯಿದೆಯ ನೆರಳಿನಲ್ಲಿ ಬೆಳೆದವನು ನಾನು. ನಮ್ಮ ಅಜ್ಜಂದಿರ ಶಿಕಾರಿ ಕಥೆಗಳು ಕಥೆಗಳಾಗಿ ನಿಂತದ್ದು ಒಳ್ಳೆಯದೇ ಆಯಿತೆಂದು ಇಂದಿಗೂ ನಂಬಿದವನು. ನಮ್ಮ ಕಾಡಿನ ಜಿಂಕೆಗೆ ಹುಲಿಯಿದೆ, ಸೀಳುನಾಯಿಯಿದೆ. ಅದು ಅವುಗಳ ಪಾಲಿನ ಅನ್ನ. ಈ ದ್ವೀಪಗಳಲ್ಲಿ ಬಾವಲಿಯನ್ನು ಬಿಟ್ಟರೆ ನೆಲದ ಮೇಲೆ ಬದುಕುವ ಮೂಲನಿವಾಸಿ ಸಸ್ತನಿಯೇ ಇರಲಿಲ್ಲ. ಮೋವಾ ಎಂಬ ದೈತ್ಯ ಹಕ್ಕಿಗಳು ಸೊಪ್ಪು ಮೇಯುತ್ತಿದ್ದವು; ಅವೂ ಅಳಿದುಹೋಗಿ ಶತಮಾನಗಳಾದವು. 1861ರಲ್ಲಿ ಇಂಗ್ಲೆಂಡಿನಿಂದ ತಂದ ಕೆಂಪು ಜಿಂಕೆಗಳನ್ನು ನೆಲ್ಸನ್ ಬಳಿ ಬಿಟ್ಟರು. ಆಮೇಲೆ ದೇಶದ ಉದ್ದಗಲಕ್ಕೂ ಬಿಟ್ಟರು. 1870ರ ದಶಕದಲ್ಲಿ ಸಿಂಹಳದಿಂದ ಕಡವೆ ತಂದರು. ಉತ್ತರ ದ್ವೀಪದ ಮನವಾಟು ಸೀಮೆಯಲ್ಲಿ ಅವು ಇಂದಿಗೂ ಇವೆ. 1905ರಲ್ಲಿ ಫಿಯಾರ್ಡ್‌ಲ್ಯಾಂಡಿಗೆ ಅಮೆರಿಕದಿಂದ ವಾಪಿಟಿ ಜಿಂಕೆಗಳು ಬಂದವು, ಅವುಗಳಲ್ಲಿ ಕೆಲವು ಅಧ್ಯಕ್ಷ ರೂಸ್‌ವೆಲ್ಟ್ ಕೊಟ್ಟ ಉಡುಗೊರೆ. ಹಿಡಿಯುವ ಮೃಗವಿಲ್ಲದ ಕಾಡಿನಲ್ಲಿ ಜಿಂಕೆ ಬೆಳೆದದ್ದೇ ಬೆಳೆದದ್ದು. ಎಳೆ ಸಸಿಯೆಲ್ಲ ಅದರ ಬಾಯಿಗೆ ಹೋಗಿ ಮುದಿ ಮರಗಳ ಕೆಳಗೆ ನೆಲ ಬೋಳಾಯಿತು. 1930ರಲ್ಲಿ ಸರಕಾರ ಜಿಂಕೆಗಿದ್ದ ರಕ್ಷಣೆಯನ್ನು ತೆಗೆದುಹಾಕಿತು. ಮರುವರ್ಷದಿಂದ ಸಂಬಳ ಕೊಟ್ಟು ಹೊಡೆಸತೊಡಗಿತು. 1956ರಲ್ಲಿ ಆ ಕೆಲಸ ಫಾರೆಸ್ಟ್ ಸರ್ವಿಸ್‌ಗೆ ಬಂತು. ಅವರು ಬೇಟೆಗಾರರಿಗಾಗಿ ಕಾಡಿನಲ್ಲೆಲ್ಲ ಗುಡಿಸಲು ಕಟ್ಟಿದರು, ಹಳ್ಳಗಳಿಗೆ ಸಂಕ ಹಾಕಿದರು. ಅರವತ್ತರ ದಶಕದಿಂದ ಹೆಲಿಕಾಪ್ಟರಿನಲ್ಲಿ ಬೇಟೆ, ಮಾಂಸದ ರಫ್ತು, ಎಪ್ಪತ್ತರಲ್ಲಿ ಜೀವಂತ ಹಿಡಿದು ಸಾಕುವ ಫಾರಂಗಳು. ಈಗ ಸಾರ್ವಜನಿಕ ಕಾಡಿನಲ್ಲಿ ಬೇಟೆಗೆ ಕೋವಿ ಪರವಾನಗಿ ಬೇಕು, ಸಂರಕ್ಷಣಾ ಇಲಾಖೆಯ ಅನುಮತಿ ಬೇಕು. ಆ ಅನುಮತಿಗೆ ಹಣ ಕೊಡಬೇಕಿಲ್ಲ. ಇದನ್ನೆಲ್ಲ ತಿಳಿದ ಮೇಲೂ ಸಾಯುವ ಪ್ರಾಣಿಯ ಕಣ್ಣು ನೋಡುವುದು ಸುಲಭವಾಗುವುದಿಲ್ಲ. ಆದರೆ ಈ ನೆಲದಲ್ಲಿ ಅದು ಆಗಬೇಕಾದ ಕೆಲಸ ಎಂಬುದು ನನಗೆ ಮನವರಿಕೆಯಾಗಿದೆ.

ಮಧ್ಯಾಹ್ನ ಮಳೆ ಜಡಿಯತೊಡಗಿತು. ಮಳೆ ಬೇಟೆಗಾರನ ಕಡೆಯದೂ ಹೌದು. ಒಣಗಿದ ಕಡ್ಡಿ ಚಟ್ಟೆನ್ನುವ ಕಡೆ ಒದ್ದೆ ಕಡ್ಡಿ ಸುಮ್ಮನೆ ಬಾಗುತ್ತದೆ. ಪಾಚಿಯ ಮೇಲಿನ ಹೆಜ್ಜೆಗೆ ಸದ್ದಿಲ್ಲ. ಹನಿಗಳ ಗದ್ದಲದಲ್ಲಿ ಉಳಿದ ಸದ್ದೂ ಮುಚ್ಚಿಹೋಗುತ್ತದೆ. ಏಪ್ರಿಲ್ ಎಂದರೆ ಕೆಂಪು ಜಿಂಕೆಯ ಗಂಡುಗಳು ಬೆದೆಗೆ ಬಂದು ಗರ್ಜಿಸುವ ಕಾಲ. ಮೇಲಿನ ಬೆಟ್ಟದಿಂದ ಒಂದೆರಡು ಸಲ, ದನ ಅಂಬಾ ಎನ್ನುವುದಕ್ಕಿಂತ ಒರಟಾದ ಕೂಗು ಮಳೆಯನ್ನು ಸೀಳಿಕೊಂಡು ಬಂತು. ಬೇಟೆಗಾರರೂ ಆ ಕೂಗನ್ನು ಅನುಕರಿಸುತ್ತಾರೆ. ಕೂಗಿದ್ದು ಜಿಂಕೆಯೋ ಇನ್ನೊಬ್ಬ ಬೇಟೆಗಾರನೋ ಎಂದು ತಿಳಿಯದೆ ಗುಂಡು ಹಾರಿಸಿ ಮನುಷ್ಯರು ಸತ್ತದ್ದಿದೆ. ಗುರಿ ಏನೆಂಬುದು ಸಂದೇಹಕ್ಕೆ ಎಡೆಯಿಲ್ಲದಂತೆ ಖಚಿತವಾಗಬೇಕು ಎನ್ನುವುದು ಇಲ್ಲಿಯ ಕೋವಿ ನಿಯಮಗಳಲ್ಲಿ ಒಂದು. ಅದಕ್ಕೇ ಕೋವಿಯ ದೂರದರ್ಶಕದ ಗಾಜು ಒಣಗಿರಬೇಕು. ಹನಿ ಕೂತ, ಉಸಿರಿನ ಆವಿ ಕಟ್ಟಿದ ಗಾಜಿನಲ್ಲಿ ಪೊದೆಯೂ ಜಿಂಕೆ, ಮನುಷ್ಯನೂ ಜಿಂಕೆ. ಹಿರಿಯರು ಗಾಜಿನ ಎರಡೂ ತುದಿಗೆ ಮುಚ್ಚಳ ಹಾಕಿದ್ದರು, ಒರೆಸಲು ಒಣಬಟ್ಟೆಯೊಂದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಯ ಜೇಬಿನಲ್ಲಿಟ್ಟಿದ್ದರು. ನಳಿಗೆಯ ಬಾಯಿಗೆ ಎಲೆಕ್ಟ್ರಿಷಿಯನ್ನರ ಟೇಪು ಅಂಟಿಸಿದ್ದರು. ಗುಂಡಿನ ಮುಂದೆ ನುಗ್ಗುವ ಗಾಳಿಯೇ ಟೇಪನ್ನು ಹರಿದುಹಾಕುತ್ತದೆ, ಗುರಿ ತಪ್ಪುವುದಿಲ್ಲ. ನೀರಾಗಲಿ ಮಣ್ಣಾಗಲಿ ನಳಿಗೆಗೆ ಇಳಿದರೆ ಮಾತ್ರ ಹೊಡೆದವನಿಗೇ ಅಪಾಯ.

ಗುಡಿಸಲು ಸೇರುವ ಹೊತ್ತಿಗೆ ಕತ್ತಲಾಗುತ್ತಿತ್ತು. ಬಾಗಿಲ ಬಳಿಯ ಜಗಲಿಯಲ್ಲೇ ಬೂಟು, ಗೇಟರ್, ಕೋಟು ಕಳಚಬೇಕು. ನೀರನ್ನು ಒಳಗೆ ಒಯ್ಯಬಾರದು. ಒಳಗೆ ಅಟ್ಟಣಿಗೆ ಮಂಚಗಳು, ಒಂದು ಕಬ್ಬಿಣದ ಒಲೆ. ಒಲೆಯ ಪಕ್ಕದಲ್ಲಿ ಹಿಂದಿನವರು ಸೀಳಿಟ್ಟುಹೋದ ಒಣ ಸೌದೆ, ಅದರ ಮೇಲೊಂದು ಹಿಡಿ ಸಣ್ಣ ಚಕ್ಕೆ. ಯಾರು ಇಟ್ಟರೋ ಗೊತ್ತಿಲ್ಲ. ಗುಡಿಸಲಿನ ಪುಸ್ತಕದಲ್ಲಿ ಹೆಸರು, ತಾರೀಖು, ಹೋದ ದಿಕ್ಕು ಬರೆದಿದ್ದರು ಅಷ್ಟೆ. ಹಿರಿಯರು ಜೇಬಿನಿಂದ ಸೈಕಲ್ ಟ್ಯೂಬಿನ ತುಂಡೊಂದನ್ನು ತೆಗೆದರು. ಬೆರಳಗಲದ ರಬ್ಬರ್. ಕೊಳಕ್ಕೆ ಬಿದ್ದು ಎದ್ದರೂ ಒಂದೇ ಕಡ್ಡಿಗೆ ಹತ್ತಿಕೊಂಡು ಕಪ್ಪು ಹೊಗೆ ಕಾರುತ್ತಾ ಬಹಳ ಹೊತ್ತು ಉರಿಯುತ್ತದೆ. ಚಕ್ಕೆ ಹತ್ತಿತು, ಸೌದೆ ಹತ್ತಿತು. ಆಗ ಹಳದಿ ಚೀಲ ಬಿಚ್ಚಿದೆ. ದಿನವಿಡೀ ನೆನೆದು ಸುಕ್ಕುಗಟ್ಟಿ ಬೆಳ್ಳಗಾದ ಪಾದಗಳನ್ನು ಒರೆಸಿ, ಬೆರಳಸಂದಿಗೆ ವ್ಯಾಸಲೀನ್ ಹಚ್ಚಿ, ಒಣ ಕಾಲುಚೀಲ ಏರಿಸಿದೆ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ದಿನಗಟ್ಟಲೆ ನೀರಲ್ಲಿ ನಿಂತ ಸೈನಿಕರ ಪಾದಗಳು ಕೊಳೆತದ್ದು ಚಳಿಗೊಂದೇ ಅಲ್ಲ, ಒಣಗಲು ಒಂದು ಹೊತ್ತೂ ಬಿಡುವಿಲ್ಲದೆ. ಹಗಲೆಲ್ಲ ನೆನೆದ ಕಾಲು ರಾತ್ರಿ ಒಣಗಿದರೆ ಮತ್ತೆ ನಡೆಯಲು ಸಿದ್ಧ.

ನಿಜವಾದ ಪರೀಕ್ಷೆ ಬೆಳಗಿನದು. ಕತ್ತಲಿರುವಾಗಲೇ ಎದ್ದೆವು. ಒಲೆ ಆರಿತ್ತು, ಉಸಿರು ಹೊಗೆಯಾಗಿ ಕಾಣುವಷ್ಟು ಚಳಿ. ಮೈಮೇಲಿರುವುದೆಲ್ಲ ಒಣಗಿ ಬೆಚ್ಚಗಿದೆ. ಒಲೆಯ ಮೇಲಿನ ತಂತಿಯಲ್ಲಿ ನಿನ್ನೆಯ ಕಾಲುಚೀಲ ಅರ್ಧ ಒಣಗಿ ನೇತಾಡುತ್ತಿದೆ, ಬೂಟು ಜಗಲಿಯಲ್ಲಿ ನೀರು ಕುಡಿದು ಕೂತಿದೆ. ಒಣ ಬಟ್ಟೆಯನ್ನು ಕಳಚಿ, ಮತ್ತೆ ಹಳದಿ ಚೀಲಕ್ಕೆ ಸೇರಿಸಿ, ಆ ಒದ್ದೆಯನ್ನೇ ಮೈಗೇರಿಸಿಕೊಳ್ಳಬೇಕು. ಒದ್ದೆ ಕಾಲುಚೀಲ ಹಿಮ್ಮಡಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಎಳೆದಷ್ಟೂ ತಣ್ಣಗೆ ಹತ್ತುತ್ತದೆ, ಬೂಟಿನೊಳಗೆ ಕಾಲಿಟ್ಟರೆ ದಾರದ ತೂತುಗಳಿಂದ ನೀರು ಜಿನುಗುತ್ತದೆ. "ಇವತ್ತೊಂದು ದಿನ ಒಣಗಿದ್ದನ್ನೇ ಹಾಕಿಕೊಂಡರೆ ಏನಾಗುತ್ತದೆ?" ಎಂದು ಕೇಳಿದೆ. "ಇವತ್ತು ಏನೂ ಆಗುವುದಿಲ್ಲ. ರಾತ್ರಿ ನಿನ್ನ ಹತ್ತಿರ ಒಣಗಿದ್ದು ಏನೂ ಇರುವುದಿಲ್ಲ," ಎಂದರು. ತೇವದ ನಾಡಿನಲ್ಲಿ ಒಣಗಿರುವ ವಿದ್ಯೆಯೆಲ್ಲ ಆ ಒದ್ದೆ ಕಾಲುಚೀಲದಲ್ಲಿತ್ತು. ಕೋಟಿನ ಬೆಲೆ ಎಷ್ಟಿದ್ದರೂ ಬೆಳಗಿನ ಜಾವ ಅದನ್ನು ಎಳೆದುಕೊಳ್ಳುವ ಮನಸ್ಸಿಲ್ಲದವನು ಎರಡನೆಯ ರಾತ್ರಿ ನಡುಗುತ್ತಾನೆ.

ರಾತ್ರಿಯ ಮಳೆ ಬಿಟ್ಟಿತ್ತು. ಹಳಬರು ಕಾಯುವ ಗಳಿಗೆ ಇದೇ. ಮಳೆ ನಿಂತ ಮೇಲೂ ಕಾಡಿನೊಳಗೆ ಮರಗಳಿಂದ ಗಂಟೆಗಟ್ಟಲೆ ಹನಿ ಉದುರುತ್ತದೆ. ಜಿಂಕೆಗೂ ಅದು ಬೇಡ. ಅವು ಕಾಡಿನ ಅಂಚಿಗೆ, ಭೂಕುಸಿತದಿಂದ ಬಯಲಾದ ಇಳಿಜಾರುಗಳಿಗೆ, ಹೊಳೆದಂಡೆಯ ಹುಲ್ಲಿಗೆ ಬರುತ್ತವೆ. ಬೆಳಗಿನ ತಣ್ಣನೆಯ ಗಾಳಿ ಕಣಿವೆಯಲ್ಲಿ ಮೇಲಿಂದ ಕೆಳಕ್ಕೆ ಹರಿಯುತ್ತದೆ. ಹಾಗಾಗಿ ನಾವು ಕೆಳಗಿನಿಂದ ಮೇಲಕ್ಕೆ, ಗಾಳಿಗೆ ಎದುರಾಗಿ ನಡೆದೆವು. ಅಂಥದೊಂದು ಕುಸಿತದ ಆಚೆ ಅಂಚಿನಲ್ಲಿ ಒಂದು ಎಳೆಯ ಗಂಡು ಜಿಂಕೆ ನಿಂತಿತ್ತು. ಕೊಂಬು ಇನ್ನೂ ಕವಲೊಡೆದಿರಲಿಲ್ಲ. ಅದು ಮೈಯನ್ನೊಮ್ಮೆ ಮೂಗಿನಿಂದ ಬಾಲದವರೆಗೆ ಒದರಿತು. ಬಿಸಿಲಿನ ಮೊದಲ ಕೋಲಿನಲ್ಲಿ ನೀರಿನ ಹುಡಿ ಎದ್ದು ಅದರ ಸುತ್ತ ನಿಂತಿತು. ಹಿರಿಯರು ಗಾಜಿನ ಮುಚ್ಚಳ ತೆಗೆದು, ಎದೆಯ ಜೇಬಿನ ಬಟ್ಟೆಯಿಂದ ಒರೆಸಿ, ತಲೆ, ಕುತ್ತಿಗೆ, ಮುಂಗಾಲು ಮೂರನ್ನೂ ನೋಡಿ ಖಚಿತ ಮಾಡಿಕೊಂಡು, ಬೆನ್ನಚೀಲದ ಮೇಲೆ ಕೋವಿಯಿಟ್ಟು ಒಂದೇ ಈಡು ಹೊಡೆದರು. ಅದು ನಿಂತಲ್ಲೇ ಕುಸಿಯಿತು. ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆಮೇಲಿನ ಕೆಲಸದಲ್ಲೂ ಅದೇ ನಿಯಮ. ಮಾಂಸವೂ ಒಣಗಿರಬೇಕು. ಹಳ್ಳ ಹತ್ತಿರವಿದೆಯೆಂದು ಅದರಲ್ಲಿ ತೊಳೆಯಬಾರದು. ಒದ್ದೆ ಮಾಂಸದ ಮೇಲೆ ಕ್ರಿಮಿ ಬೇಗ ಬೆಳೆದು ಹುಳಿ ವಾಸನೆ ಹಿಡಿಯುತ್ತದೆ. ಕರುಳು ತೆಗೆದು, ಚರ್ಮ ಬಿಡಿಸಿ, ರಕ್ತವನ್ನು ಬಟ್ಟೆಯಿಂದ ಒರೆಸಿ, ತೊಡೆ, ಬೆನ್ನು, ಭುಜ ಬೇರೆ ಮಾಡಿ ಹತ್ತಿಬಟ್ಟೆಯ ಚೀಲಗಳಲ್ಲಿ ಹಾಕಿದೆವು. ಪ್ಲಾಸ್ಟಿಕ್ ಆಗದು, ಬಿಸಿಯೂ ತೇವವೂ ಒಳಗೇ ಉಳಿಯುತ್ತವೆ. ಗುಡಿಸಲಿನ ನೆರಳಿನ ಮಗ್ಗುಲಲ್ಲಿ, ಸೂರಿನ ಕೆಳಗೆ, ಗಾಳಿ ಆಡುವ ಕಡೆ ತೂಗುಹಾಕಿದೆವು. ಕೆಲವು ಗಂಟೆಗಳಲ್ಲಿ ಮಾಂಸದ ಮೇಲ್ಮೈ ಒಣಗಿ ತೆಳುವಾದ ಸಿಪ್ಪೆ ಕಟ್ಟಿತು. ನೊಣ ಆ ಸಿಪ್ಪೆಯ ಮೇಲೆ ಮೊಟ್ಟೆಯಿಡಲು ಒಲ್ಲದು.

ಅಂದು ಸಂಜೆ ಮತ್ತೆ ಮಳೆ ಹಿಡಿಯಿತು, ರಾತ್ರಿಯೆಲ್ಲ ಸುರಿಯಿತು. ಬೆಳಿಗ್ಗೆ ನದಿಯ ಹಸಿರು ಹೋಗಿ ಬೂದಿಗಪ್ಪು ಬಂದಿತ್ತು. ತಳದಲ್ಲಿ ಬಂಡೆ ಉರುಳುವ ಗುಡುಗುಡು ಗುಡಿಸಲಿನವರೆಗೂ ಕೇಳುತ್ತಿತ್ತು. ಹಿರಿಯರು ದಂಡೆಯವರೆಗೆ ಹೋಗಿ, ನೀರಿನಂಚಿಗೆ ಒಂದು ಕೋಲು ನೆಟ್ಟು ವಾಪಸು ಬಂದು ಚಹಾಕ್ಕಿಟ್ಟರು. ಹೊರಡುವ ಮಾತು ಎತ್ತಲಿಲ್ಲ. ಈ ಕರಾವಳಿಯ ನದಿಗಳು ಉದ್ದವಿಲ್ಲ, ಇಳಿಜಾರು ಕಡಿದು. ಏರಿದಷ್ಟೇ ಬೇಗ ಇಳಿಯುತ್ತವೆ. ಕಾಯುವವನಿಗೆ ಬೇಕಾದದ್ದು ಹೆಚ್ಚಿನ ಒಂದು ದಿನದ ಆಹಾರ, ಒಣ ಬಟ್ಟೆ, ಮತ್ತು ಸೋಮವಾರ ಕಚೇರಿಗೆ ಹೋಗಲೇಬೇಕೆಂಬ ಹಟವಿಲ್ಲದ ಮನಸ್ಸು. ಮೊದಲೆರಡು ಇದ್ದರೆ ಮೂರನೆಯದು ಬರುತ್ತದೆ. ಹಸಿದು ನಡುಗುತ್ತಿರುವವನೇ ಏರಿದ ನದಿಗೆ ಇಳಿಯುವುದು. ಒಣಗಿ ಬೆಚ್ಚಗಿದ್ದ ನಾವು ದಿನವಿಡೀ ಸೌದೆ ಸೀಳಿದೆವು. ಬಿದ್ದ ಮರದ ಒಳತಿರುಳು ತೆಗೆದು, ಒಲೆಯ ಪಕ್ಕ ಒರಗಿಸಿ ಒಣಗಿಸಿ, ನಾವು ಸುಟ್ಟದ್ದಕ್ಕಿಂತ ಹೆಚ್ಚು ಪೇರಿಸಿಟ್ಟೆವು. ಚಕ್ಕೆಯ ಹಿಡಿಯನ್ನೂ ಟ್ಯೂಬಿನ ಒಂದು ತುಂಡನ್ನೂ ಮೇಲಿಟ್ಟರು ಅವರು. ಮರುದಿನ ಬೆಳಿಗ್ಗೆ ನೀರು ಕೋಲಿನಿಂದ ಬಹಳ ಕೆಳಗಿಳಿದಿತ್ತು. ಬೆನ್ನ ಮೇಲೆ ಮಾಂಸ ಹೊತ್ತು, ಒದ್ದೆ ಬೂಟಿನಲ್ಲೇ ಹೊರಬಂದೆವು.

ಈಗೀಗ ನಮ್ಮಲ್ಲೂ ಮಳೆಗಾಲದಲ್ಲೇ ಕುದುರೆಮುಖ, ಕುಮಾರಪರ್ವತ, ಕೊಡಚಾದ್ರಿ ಹತ್ತುವವರು ಹೆಚ್ಚಾಗಿದ್ದಾರೆ. ಅವರಲ್ಲಿ ಹಲವರು ಜೀನ್ಸ್ ತೊಟ್ಟು, ಬೆನ್ನಚೀಲಕ್ಕೆ ಹೊರಮುಚ್ಚಳವೊಂದನ್ನೇ ನಂಬಿ ಹೊರಟಿರುವ ಚಿತ್ರಗಳನ್ನು ನೋಡುತ್ತೇನೆ. ನಮ್ಮ ಬೆಟ್ಟದ ಮೇಲೂ ಜುಲೈ ತಿಂಗಳ ಗಾಳಿಗೆ ನೆನೆದ ಮೈ ತಣ್ಣಗಾಗುತ್ತದೆ, ನಮ್ಮ ಹಳ್ಳಗಳೂ ಗಂಟೆಯೊಳಗೆ ಏರುತ್ತವೆ. ದಯವಿಟ್ಟು ಜೀನ್ಸ್ ಮನೆಯಲ್ಲಿ ಬಿಡಿ. ಒಂದು ಜೊತೆ ಬಟ್ಟೆಯನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಚೀಲದ ಒಳಗಿಡಿ, ರಾತ್ರಿ ತಂಗುವ ಜಾಗ ಸೇರುವವರೆಗೆ ಅದನ್ನು ಬಿಚ್ಚಬೇಡಿ. ಹಳ್ಳ ಕೆಂಪಾಗಿ ಹರಿಯುತ್ತಿದ್ದರೆ ಈಚೆ ದಡದಲ್ಲೇ ಉಳಿಯಿರಿ.